ಜಪಾನಿನ ಮಹಿಳಾ ರೆಸ್ಲಿಂಗ್: ಆ ಹಳೇ ಕೆಂಪು ಬೆಲ್ಟ್ ಏನಾಯಿತು?

ತಡರಾತ್ರಿ_ವೀಕ್ಷಕ:
1980ರ ದಶಕದ ರೆಸ್ಲರ್ ಡಂಪ್ ಮಾತ್ಸುಮೊತೊ ಮೇಲಿನ ನೆಟ್‌ಫ್ಲಿಕ್ಸ್ ಸರಣಿ ನೋಡಿದ ಮೇಲೆ ದಿನಾ ರಾತ್ರಿ ಹಳೇ ಪಂದ್ಯಗಳನ್ನು ಹುಡುಕಿ ನೋಡುತ್ತಾ ಕೂತಿದ್ದೇನೆ. ಆಗೆಲ್ಲಾ ದೊಡ್ಡ ಪಟ್ಟ ಅಂದರೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂಎ (ವರ್ಲ್ಡ್ ವಿಮೆನ್ಸ್ ರೆಸ್ಲಿಂಗ್ ಅಸೋಸಿಯೇಷನ್) ಕೆಂಪು ಬೆಲ್ಟ್. ಈಗಿನ ಸ್ಟಾರ್ಡಮ್ ಕಂಪನಿಯಲ್ಲೂ ಕೆಂಪು ಬೆಲ್ಟ್ ಇದೆ. ಎರಡೂ ಒಂದೇನಾ? ಇನ್ನೊಂದು, ಚಾಂಪಿಯನ್ ಸೋಲದೇನೇ ಬೆಲ್ಟ್ ಖಾಲಿ ಬೀಳೋದು ಯಾಕೆ?

ರಿಂಗ್‌ಸೈಡ್:
ಒಂದೇ ಅಲ್ಲ. ಹಳೆಯದು ಆಲ್ ಜಪಾನ್ ವಿಮೆನ್ಸ್ ಕಂಪನಿಯದು, ಅಭಿಮಾನಿಗಳ ಬಾಯಲ್ಲಿ ಜೆನ್ಜೊ. ಮಾತ್ಸುನಾಗ ಸಹೋದರರು 1968ರಲ್ಲಿ ಶುರು ಮಾಡಿದ್ದು. ಬೆಲ್ಟಿನ ಹೆಸರು ಮಾತ್ರ ಅಮೆರಿಕದ ರೆಸ್ಲರ್ ಮಿಲ್ಡ್ರೆಡ್ ಬರ್ಕ್ ಕಟ್ಟಿದ ಸಂಸ್ಥೆಯಿಂದ ಬಂತು. 1970ರಿಂದ ಅದು ಜೆನ್ಜೊದ ಪಟ್ಟವಾಯಿತು.

ಖಾಲಿ ಬೀಳೋದಕ್ಕೆ ದೊಡ್ಡ ಕಾರಣ 26ರ ನಿಯಮ. ಆ ವಯಸ್ಸಿಗೆ ನಿವೃತ್ತಿ ಅಂತ ಕಂಪನಿಯೇ ಕಟ್ಟುಪಾಡು ಮಾಡಿತ್ತು. ಕ್ರಶ್ ಗ್ಯಾಲ್ಸ್ ಜೋಡಿಯನ್ನೇ ನೋಡಿ. ಟಿವಿಯಲ್ಲಿ ಇಡೀ ಜಪಾನಿನ ಹುಡುಗಿಯರು ಹುಚ್ಚೆದ್ದು ನೋಡುತ್ತಿದ್ದವರು, ಆದರೆ 1989ರಲ್ಲಿ ಚಿಗುಸಾ ನಾಗಾಯೊ ಹೋದರು, ಅದೇ ವರ್ಷ ಲಯನೆಸ್ ಆಸುಕಾ ಬೆಲ್ಟ್ ಬಿಟ್ಟುಕೊಟ್ಟು ಹೊರಟರು. 26 ಅಂದರೆ ಆಟ ಪಕ್ವವಾಗುವ ವಯಸ್ಸು, ಅಲ್ವಾ? ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಳೇ_ವಿಎಚ್‌ಎಸ್:
ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಮಟ್ಟಿಗೆ ಆ ಬೆಲ್ಟಿನ ನಿಜವಾದ ಕಥೆ ಶುರುವಾಗೋದೇ ಆ ಖಾಲಿ ಜಾಗದಿಂದ. 1990ರ ಜನವರಿಯಲ್ಲಿ ಟೂರ್ನಮೆಂಟ್ ಗೆದ್ದು ಬುಲ್ ನಕಾನೊ ಚಾಂಪಿಯನ್ ಆದರು. ಡಂಪ್ ಗುಂಪಿನಲ್ಲಿ ಬೆಳೆದ ಖಳನಾಯಕಿ, ನೆಟ್ಟಗೆ ನಿಲ್ಲಿಸಿದ ಕೂದಲು, ಮುಖಕ್ಕೆ ಬಣ್ಣ. ಕ್ರಶ್ ಗ್ಯಾಲ್ಸ್ ಬಿಟ್ಟು ಹೋದ ಕಂಪನಿಯನ್ನು ಹೆಗಲ ಮೇಲೆ ಹೊತ್ತಿದ್ದು ಇವರು. ಅದೇ ವರ್ಷ ನವೆಂಬರಿನಲ್ಲಿ ಯೊಕೊಹಾಮಾದಲ್ಲಿ ಅಜಾ ಕಾಂಗ್ ಎದುರು ಪಂಜರದ ಪಂದ್ಯ (ರಿಂಗ್ ಸುತ್ತ ಪಂಜರ ಹಾಕಿ ಆಡೋದು) ಆಯಿತು. ಬುಲ್ ಪಂಜರದ ತುದಿ ಹತ್ತಿ, ಕೈ ಮುಗಿದು, ಕೆಳಗೆ ಮಲಗಿದ್ದ ಅಜಾ ಕಾಂಗ್ ಮೇಲೆ ಕಾಲು ಚಾಚಿ ಹಾರಿದರು. ಎಷ್ಟು ಸಲ ನೋಡಿದರೂ ಉಸಿರು ನಿಲ್ಲುತ್ತದೆ.

ಅಜಾ ಕೊನೆಗೂ ಬೆಲ್ಟ್ ಗೆದ್ದಿದ್ದು 1992ರ ನವೆಂಬರಿನಲ್ಲಿ, ಕವಾಸಾಕಿಯಲ್ಲಿ. ಹತ್ತಿರ ಹತ್ತಿರ ಮೂರು ವರ್ಷ ಬುಲ್ ಅದನ್ನು ಬಿಟ್ಟುಕೊಟ್ಟಿರಲಿಲ್ಲ, ಹಾಗಾಗಿ ಆ ಗೆಲುವಿಗೆ ಅಷ್ಟು ತೂಕ. 1995ರಲ್ಲಿ ಮನಾಮಿ ಟೊಯೊಟಾ ಅಜಾರನ್ನು ಸೋಲಿಸಿದರು.

ರಿಂಗ್‌ಸೈಡ್:
ಆ ಪಂಜರದ ಪಂದ್ಯ ಮರೆತೇಬಿಟ್ಟಿದ್ದೆ, ತಪ್ಪಾಯ್ತು. ಕೊನೆ ಭಾಗ ನಾನು ಹೇಳುತ್ತೇನೆ. 1997ರ ಹೊತ್ತಿಗೆ ಕಂಪನಿ ಸಾಲದಲ್ಲಿ ಮುಳುಗಿತ್ತು, ಸಂಬಳ ಸರಿಯಾಗಿ ಸಿಗದೆ ದೊಡ್ಡ ಹೆಸರುಗಳೆಲ್ಲ ಹೊರಟರು. 2005ರಲ್ಲಿ ಜೆನ್ಜೊ ಬಾಗಿಲು ಹಾಕಿತು. ಕೆಂಪು ಬೆಲ್ಟಿನ ಕೊನೆಯ ಒಡತಿ ನಾನಾಎ ತಕಾಹಾಶಿ. 2011ರಲ್ಲಿ ಸ್ಟಾರ್ಡಮ್ ತನ್ನ ಕೆಂಪು ಬೆಲ್ಟ್ ತಂದಾಗ ಮೊದಲ ಚಾಂಪಿಯನ್ ಕೂಡ ಅವರೇ! ದಾಖಲೆಯಲ್ಲಿ ಅದು ಬೇರೆ ಪಟ್ಟ. ಆದರೆ ಕೆಂಪು ಬಣ್ಣ ಸುಮ್ನೆ ಬಂದಿದ್ದಲ್ಲ. ಅದರ ಜೊತೆಗಿನ ಬಿಳಿ ಬೆಲ್ಟ್ ಕೂಡ ಜೆನ್ಜೊ ಕಾಲದ ನೆನಪೇ.

ತಡರಾತ್ರಿ_ವೀಕ್ಷಕ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇವತ್ತು ರಾತ್ರಿ ಪಂಜರದ ಪಂದ್ಯ, ಆಮೇಲೆ ಕವಾಸಾಕಿ. ಅದೇ ಕ್ರಮದಲ್ಲಿ ನೋಡಬೇಕು ತಾನೆ?

ಹಳೇ_ವಿಎಚ್‌ಎಸ್:
ಹೌದು, ಅದೇ ಕ್ರಮ. ಕವಾಸಾಕಿಯಲ್ಲಿ ಅಜಾ ಗೆದ್ದ ಮೇಲೆ ತಕ್ಷಣ ನಿಲ್ಲಿಸಬೇಡಿ, ಇಬ್ಬರ ಮುಖವನ್ನೂ ನೋಡಿ.