ಮನಸ್ಸು ಗಟ್ಟಿಯಾಗಲು ಬೆಟ್ಟ ಹತ್ತಬೇಕಾ? ಪುಣೆ, ಮುಂಬೈ, ಗೋವಾದಿಂದ ಕೆಲವರ ಅನುಭವ

ಕೇಳಿದವರು, ಹಿಂಜವಡಿ, ಪುಣೆ (ಊರು ಗದಗ):

ಎಲ್ಲರಿಗೂ ನಮಸ್ಕಾರ. ನನಗೆ 29. ಐಟಿ ಕೆಲಸ. ಪುಣೆಗೆ ಬಂದು ನಾಲ್ಕು ವರ್ಷ ಆಯಿತು. ವಿಷಯ ಇಷ್ಟೇ, ನಾನು ಯಾವುದನ್ನೂ ಪೂರ್ತಿ ಮಾಡುವುದಿಲ್ಲ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಹನ್ನೊಂದು ದಿನ ಹೋದೆ. ಗಿಟಾರ್ ಕಪಾಟಿನ ಮೇಲೆ ಧೂಳು ತಿನ್ನುತ್ತಿದೆ. ಮೀಟಿಂಗ್‌ನಲ್ಲಿ ಮ್ಯಾನೇಜರ್ ಒಂದು ಮಾತು ಅಂದರೆ ಎರಡು ದಿನ ಅದೇ ತಲೆಯಲ್ಲಿ ತಿರುಗುತ್ತದೆ. ಓಟ, ಟ್ರೆಕ್, ಸೈಕಲ್ ಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ? ಮುಂದಿನ ಜನವರಿಗೆ ಮುಂಬೈ ಮ್ಯಾರಥಾನ್‌ನ ಪೂರ್ತಿ 42 ಕಿಲೋಮೀಟರಿಗೇ ಇಳಿದುಬಿಡೋಣ ಅಂತ ಇದ್ದೇನೆ. ಮಾಡಿದವರು ಹೇಳಿ.

ಕೋಥ್ರೂಡ್, ಪುಣೆಯಿಂದ:

ತಮ್ಮಾ, ನಾನು ಧಾರವಾಡದವನು. ಇಲ್ಲಿಗೆ ಬಂದು 17 ವರ್ಷ ಆಯಿತು. ಮೊದಲು ಆ 42ರ ಮಾತು ಬಿಡು. ಹನ್ನೊಂದು ದಿನದ ಜಿಮ್ ಕಥೆ ಬರೆದವನು ನೀನೇ ಅಲ್ವಾ? ದೊಡ್ಡ ಗುರಿ ಇಟ್ಟುಕೊಳ್ಳುವುದು ಕಷ್ಟವೇ ಅಲ್ಲ, ಅದಕ್ಕೆ ಒಂದು ರಾತ್ರಿಯ ಹುಮ್ಮಸ್ಸು ಸಾಕು.

ನನ್ನದು ಸಿಂಹಗಡ. ಆರು ವರ್ಷದಿಂದ ಪ್ರತಿ ಶನಿವಾರ. ಕೋಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,312 ಮೀಟರ್ ಎತ್ತರದಲ್ಲಿ. ಬುಡದಲ್ಲಿರುವ ಆತಕರವಾಡಿ ಹಳ್ಳಿಯ ಕಡೆಯಿಂದ ಹತ್ತಿದರೆ 500 ಮೀಟರಿಗಿಂತ ಜಾಸ್ತಿ ಏರು, ಅದೂ ಹೆಚ್ಚುಕಡಿಮೆ ಒಂದೇ ಸಮನೆ. ಮೊದಲನೇ ದಿನ ಮೇಲೆ ತಲುಪಲು ನನಗೆ ಹತ್ತಿರಹತ್ತಿರ ಎರಡು ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಆಗ ಒಬ್ಬ ಅಜ್ಜಿ ನನ್ನ ಪಕ್ಕದಲ್ಲೇ ಹತ್ತಿಕೊಂಡು ಹೋದಳು. ಒಂಬತ್ತು ಗಜದ ಸೀರೆ, ಕಚ್ಚೆ ಹಾಕಿದ್ದು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ, ಬುಟ್ಟಿಯೊಳಗೆ ಮೊಸರಿನ ಸಣ್ಣ ಮಡಕೆಗಳು, ಮೇಲೊಂದು ಒದ್ದೆ ಬಟ್ಟೆ. ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ. ನನ್ನ ಕಾಲಲ್ಲಿ ಆರು ಸಾವಿರದ ಶೂ. ಆಕೆ ನಿಲ್ಲಲೂ ಇಲ್ಲ, ಜೋರಾಗಿ ನಡೆಯಲೂ ಇಲ್ಲ. ನಾನು ಮೇಲೆ ತಲುಪುವಷ್ಟರಲ್ಲಿ ಅರ್ಧ ಮೊಸರು ಮಾರಿ ಆಗಿತ್ತು. ನಾನೂ ಒಂದು ಮಡಕೆ ತಗೊಂಡೆ. ಪಿಠ್ಲ-ಭಾಕರಿನೂ ತಿಂದೆ, ಅಂದರೆ ಕಡಲೆಹಿಟ್ಟಿನ ಪಲ್ಯ, ರೊಟ್ಟಿ. ನಮ್ಮ ಝುಣಕದ ಅಕ್ಕ ಅದು, ನೀನು ಗದಗಿನವನು, ತಿಂದರೆ ಊರು ನೆನಪಾಗುತ್ತದೆ.

ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ. ಶನಿವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಬುಡದಲ್ಲಿ ಇರಬೇಕು. ಮೇಲೆ ಹೋಗಲೇಬೇಕು ಅಂತ ಇಲ್ಲ. ಬುಡಕ್ಕೆ ಹೋಗಲೇಬೇಕು. ಅಲ್ಲಿ ನಿಂತು ಚಹಾ ಕುಡಿದು ವಾಪಸ್ ಬಂದರೂ ಲೆಕ್ಕಕ್ಕೆ ಸೇರುತ್ತದೆ. ಆರು ವರ್ಷದಲ್ಲಿ ಹಾಗೆ ಬುಡದಿಂದಲೇ ಬಂದದ್ದು ನಾಲ್ಕು ಸಲ. ಮೂರು ಸಲ ಮಳೆಗೆ, ಒಂದು ಸಲ ಸುಮ್ನೆ ಮನಸ್ಸಿರಲಿಲ್ಲ.

ಮಳೆಗಾಲದಲ್ಲಿ ಹುಷಾರು. ಸಹ್ಯಾದ್ರಿಯ ಕರಿಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಎಂಥ ಶೂ ಇದ್ದರೂ ಜಾರುತ್ತದೆ. ಮತ್ತೆ ಕಾತ್ರಜ್‌ನಿಂದ ಸಿಂಹಗಡಕ್ಕೆ ರಾತ್ರಿ ಟ್ರೆಕ್ ಅಂತ ಯಾರಾದರೂ ಕರೆಯುತ್ತಾರೆ, ಗುಡ್ಡದ ಮೇಲೆ ಗುಡ್ಡ ಹತ್ತಿ ಇಳಿಯುವುದು. ಮೊದಲ ಆರು ತಿಂಗಳು ಹೋಗಬೇಡ. ಕತ್ತಲಲ್ಲಿ ಕಾಲು ಹೊರಳಿದವರನ್ನು ಹೊತ್ತುಕೊಂಡು ಇಳಿದಿದ್ದೇನೆ.

ಡೊಂಬಿವಿಲಿಯಿಂದ:

ನನಗೆ 43, ಇಬ್ಬರು ಮಕ್ಕಳು. ಮುಂಬೈ ಮ್ಯಾರಥಾನ್ ಎರಡು ಸಲ ಓಡಿದ್ದೇನೆ, ಒಂದು ಸಲ ಮುಗಿಸಿದ್ದೇನೆ. ಮೇಲಿನವರು ಹೇಳಿದ್ದು ಸರಿ, ಈ ವರ್ಷವೇ 42 ಬೇಡಪ್ಪಾ.

ಮುಗಿಸದೆ ಬಿಟ್ಟ ಓಟದ ಬಗ್ಗೆ ಹೇಳುತ್ತೇನೆ, ಅದರಲ್ಲೇ ಕಲಿತದ್ದು ಜಾಸ್ತಿ. ಜನವರಿ ಅಂದರೂ ಮುಂಬೈಯಲ್ಲಿ ಎಂಟು ಗಂಟೆಯ ಮೇಲೆ ಬಿಸಿಲು ಬಡಿಯುತ್ತದೆ, ಗಾಳಿಯಲ್ಲಿ ತೇವ ಬೇರೆ, ಬೆವರು ಆರುವುದೇ ಇಲ್ಲ. ಮೈ ತಣ್ಣಗಾಗುವುದು ಬೆವರು ಆರಿದರೆ ತಾನೇ? ಪೂರ್ತಿ ಮ್ಯಾರಥಾನ್‌ನಲ್ಲಿ ಪೆಡರ್ ರೋಡ್ ಏರು ಬರುವುದು 35 ದಾಟಿದ ಮೇಲೆ. ಬೇರೆ ದಿನ ಟ್ಯಾಕ್ಸಿಯಲ್ಲಿ ಹೋದರೆ ಅದು ಏರು ಅಂತಲೇ ಗೊತ್ತಾಗುವುದಿಲ್ಲ. ಅವತ್ತು ಗೋಡೆ. ನಾನು ಭಯಕ್ಕೆ ಪ್ರತಿ ನೀರಿನ ಟೇಬಲ್‌ನಲ್ಲೂ ನೀರು ಕುಡಿದಿದ್ದೆ, ಬರೀ ನೀರು. ತಲೆ ಧಿಂ ಅನ್ನುತ್ತಿತ್ತು, ಬೆರಳು ಊದಿ ಉಂಗುರ ಬಿಗಿಯಾಗಿತ್ತು. ‘ಮನಸ್ಸು ಗಟ್ಟಿ ಮಾಡ್ಕೋ, ಬಿಡಬೇಡ’ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಓಡುತ್ತಿದ್ದ ಹೆಂಗಸೊಬ್ಬರು ನನ್ನ ಮುಖ ನೋಡಿ ಕೈ ಹಿಡಿದು ವೈದ್ಯರ ಡೇರೆಗೆ ಕರೆದುಕೊಂಡು ಹೋದರು. ಅವರ ಸಮಯವೂ ಹಾಳಾಯಿತು.

ರಕ್ತದಲ್ಲಿ ಉಪ್ಪಿನ ಅಂಶ ಕಡಿಮೆಯಾಗಿತ್ತು. ಇದೇನು ನನ್ನೊಬ್ಬಳ ಕಥೆ ಅಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ನೋಡಿದಾಗ 13% ಜನರಿಗೆ ಸೋಡಿಯಂ ಕಡಿಮೆ ಇತ್ತಂತೆ. ಓಡುತ್ತಾ ತೂಕ ಇಳಿಯುವ ಬದಲು ಏರಿದವರಲ್ಲೇ ಅದು ಜಾಸ್ತಿ, ಅಂದರೆ ಅತಿಯಾಗಿ ಕುಡಿದವರಲ್ಲಿ. ಬಾಯಾರಿಕೆ ಆದಾಗ ಕುಡಿ. ಉದ್ದದ ಓಟಕ್ಕೆ ಓಆರ್‌ಎಸ್ ಇಟ್ಟುಕೋ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆ. ಗಟ್ಟಿತನಕ್ಕೂ ಹಠಕ್ಕೂ ವ್ಯತ್ಯಾಸ ಗೊತ್ತಿಲ್ಲದಿದ್ದರೆ ನನ್ನ ಹಾಗೆ ಡೇರೆಯಲ್ಲಿ ಮಲಗಬೇಕಾಗುತ್ತದೆ.

ಅಂಧೇರಿಯಿಂದ:

ನಾನು ಕುಂದಾಪುರ ಕಡೆಯವ, ಹೋಟೆಲು ನಮ್ಮದು. ಬೇಸರ ಮಾಡಬೇಡಿ. ನಮ್ಮ ಹುಡುಗರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟಿನ ಪಾತ್ರೆ ಎತ್ತುತ್ತಾರೆ, ರಾತ್ರಿ ಹತ್ತಕ್ಕೆ ಟೇಬಲ್ ಒರೆಸುತ್ತಾರೆ. ಇವರಿಗೆ ಯಾರು ಮೆಡಲ್ ಕೊಟ್ಟಿದ್ದಾರೆ ಮಾರಾಯ್ರೆ? ದುಡ್ಡು ಕಟ್ಟಿ ಸುಸ್ತಾಗುವುದು ಅಂದರೆ ನನಗೆ ನಗು ಬರುತ್ತದೆ.

ಕೋಥ್ರೂಡ್‌ನವರು ಮತ್ತೆ:

ನಗಿ ಸರ್, ನೀವು ಹೇಳಿದ್ದು ನಿಜವೇ. ಆ ಮೊಸರಿನ ಅಜ್ಜಿ ಫಿಟ್‌ನೆಸ್‌ಗಾಗಿ ಹತ್ತುತ್ತಿರಲಿಲ್ಲ. ಆದರೆ ಈ ಹುಡುಗ ದಿನಾ ಹತ್ತು ಗಂಟೆ ಎಸಿಯಲ್ಲಿ ಕೂರುತ್ತಾನೆ. ಮೈಗೆ ಕಷ್ಟ ಅಂದರೇನು ಅಂತ ತಿಳಿಯಲು ಅವನಿಗೆ ಬೇರೆ ದಾರಿ ಎಲ್ಲಿದೆ ಹೇಳಿ. (ನಿಮ್ಮ ಹುಡುಗರಿಗೆ ವಾರಕ್ಕೊಂದು ರಜೆ ಕೊಡುತ್ತೀರಿ ಅಲ್ವಾ?)

ಅಂಧೇರಿಯಿಂದ:

ಕೊಡುತ್ತೇವೆ ಮಾರಾಯ್ರೆ, ಕೊಡುತ್ತೇವೆ.

ಚಿಂಚ್‌ವಡ್‌ನಿಂದ:

ನಾನು ಸೈಕಲ್ಲಿನವನು. ಬ್ರೆವೆ ಅಂತ ಒಂದು ಇದೆ, ರೇಸ್ ಅಲ್ಲ. ಗೊತ್ತಾದ ದೂರವನ್ನು ಗೊತ್ತಾದ ಸಮಯದಲ್ಲಿ ಮುಗಿಸಬೇಕು, ಅಷ್ಟೇ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಹಿಂದೆ ಕಾರು ಇಟ್ಟುಕೊಂಡು ಬರುವ ಹಾಗಿಲ್ಲ. ಪಂಕ್ಚರ್ ಆದರೆ ನೀನೇ ಹಾಕಿಕೊಳ್ಳಬೇಕು.

ನನ್ನ ಮೊದಲ 300. ಬೆಳಿಗ್ಗೆ ಆರಕ್ಕೆ ಪುಣೆ ಬಿಟ್ಟು ಹೈವೇ ಹಿಡಿದು ಉಂಬ್ರಜ್ ಹತ್ತಿರ ತಿರುಗಿ ಬರುವುದು. ಆಗ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಬೇಕಿತ್ತು, ಬರುವಾಗ ಸುರಂಗ. ಹೋಗುವಾಗ ಎಲ್ಲ ಚೆನ್ನಾಗಿತ್ತು. ವಾಪಸ್ ಬರುವಾಗ ಸುರಂಗ ದಾಟಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಹಿಂದಿನ ಗಾಲಿ ಬುಸ್ ಅಂತು. ಇದ್ದ ಒಂದು ಹೊಸ ಟ್ಯೂಬನ್ನು ಅವಸರದಲ್ಲಿ ಟೈರ್ ಬಿಚ್ಚುವ ಲಿವರ್‌ಗೆ ಸಿಕ್ಕಿಸಿ ನಾನೇ ತೂತು ಮಾಡಿದೆ. ಪ್ಯಾಚ್ ಹಾಕಬೇಕು, ಬೆವರಿದ ಕೈಗೆ ಅಂಟು ಹಿಡಿಯುತ್ತಿಲ್ಲ, ಪಕ್ಕದಲ್ಲೇ ಲಾರಿಗಳು ಗಾಳಿ ಎಬ್ಬಿಸಿಕೊಂಡು ಹೋಗುತ್ತಿವೆ. ಅವತ್ತು ಅತ್ತುಬಿಟ್ಟೆ ಅಂತ ಹೇಳಲು ನಾಚಿಕೆ ಇಲ್ಲ. ಅತ್ತು ಮುಗಿದ ಮೇಲೆ ಟೀಶರ್ಟಿನ ಒಣ ಜಾಗ ಹುಡುಕಿ ಕೈ ಒರೆಸಿಕೊಂಡು ಮತ್ತೆ ಪ್ಯಾಚ್ ಹಾಕಿದೆ. ಹಿಡಿಯಿತು. ಪುಣೆ ಮುಟ್ಟಿದಾಗ 2.35. ಎರಡು ಗಂಟೆಗೇ ಸಮಯ ಮುಗಿದಿತ್ತು. ನನ್ನ 300 ಲೆಕ್ಕಕ್ಕೇ ಬರಲಿಲ್ಲ.

ಆದರೆ ಆಮೇಲೆ ಆಫೀಸಿನಲ್ಲಿ ಯಾರಾದರೂ ಕಿರುಚಿದರೆ ನನಗೆ ಆ ಅಂಟು ಹಿಡಿಯದ ಕೈ ನೆನಪಾಗುತ್ತದೆ. ಕೈ ಒರೆಸಿಕೊಂಡರೆ ಆಯಿತು ಅನ್ನಿಸುತ್ತದೆ. ಎಲ್ಲ ಸಲ ಅಲ್ಲ, ಹತ್ತರಲ್ಲಿ ಆರು ಸಲ.

ಇನ್ನೊಂದು ಮಾತು. ಆಫೀಸು ಮುಗಿಸಿ ಸಂಜೆ ಓಡಲು ಹೋಗಿ ‘ನನಗೆ ಆಗುತ್ತಿಲ್ಲ’ ಅಂತ ಬೈದುಕೊಳ್ಳಬೇಡ. 2009ರಲ್ಲಿ ಸಾಮುಯೆಲೆ ಮಾರ್ಕೋರಾ ಅನ್ನುವ ಸಂಶೋಧಕ ಮತ್ತು ಜೊತೆಯವರು 16 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ತಲೆ ತಿನ್ನುವ ಕೆಲಸ, ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ನೆ ಡಾಕ್ಯುಮೆಂಟರಿ ನೋಡುವುದು, ಆಮೇಲೆ ಸೈಕಲ್ ತುಳಿಯುವುದು. ತಲೆ ದಣಿದ ದಿನ ಅದೇ ಜನ ಬೇಗ ಕೈಬಿಟ್ಟರು. ಹೃದಯ, ಉಸಿರು ಎಲ್ಲ ಹೆಚ್ಚುಕಡಿಮೆ ಮೊದಲಿನ ಹಾಗೇ ಇತ್ತು, ಕಷ್ಟ ಮಾತ್ರ ಜಾಸ್ತಿ ಅನ್ನಿಸಿತ್ತು. ಅದಕ್ಕೇ ನಾನು ಬೆಳಿಗ್ಗೆ, ಫೋನ್ ಮುಟ್ಟುವ ಮೊದಲೇ ಹೊರಡುತ್ತೇನೆ.

ವಾಸ್ಕೋ, ಗೋವಾದಿಂದ:

ಗೋವಾದಲ್ಲಿ 2019ರಿಂದ ಐರನ್‌ಮ್ಯಾನ್ 70.3 ನಡೆಯುತ್ತದೆ, ಮೀರಾಮಾರ್‌ನಲ್ಲಿ. 1.9 ಕಿಲೋಮೀಟರ್ ಸಮುದ್ರದಲ್ಲಿ ಈಜು, 90 ಸೈಕಲ್, ಆಮೇಲೆ 21 ಓಟ. ನಾನು ಅದಕ್ಕೆ ತಯಾರಿ ಮಾಡುತ್ತಾ ಇದ್ದೇನೆ, ಇನ್ನೂ ಇಳಿದಿಲ್ಲ. ಕೊಳದಲ್ಲಿ ಎರಡು ಕಿಲೋಮೀಟರ್ ಆರಾಮಾಗಿ ಈಜುವವನು ಸಮುದ್ರದಲ್ಲಿ ನೂರು ಮೀಟರಿಗೇ ಹೆದರಿ ಒದ್ದಾಡಿದೆ. ನೆಲ ಕಾಣುವುದಿಲ್ಲ, ಹಿಡಿಯಲು ಗೋಡೆ ಇಲ್ಲ. ಜೊತೆಗಿದ್ದವರು ‘ಬೆನ್ನ ಮೇಲೆ ಮಲಗು, ಉಸಿರು ಪೂರ್ತಿ ಬಿಡು’ ಅಂತ ಕೂಗಿದರು. ಬಿಟ್ಟೆ, ತೇಲಿದೆ. ಹೆದರಿದಾಗ ನಾವು ಉಸಿರು ಎಳೆದುಕೊಳ್ಳುತ್ತಲೇ ಇರುತ್ತೇವೆ, ಬಿಡುವುದನ್ನು ಮರೆಯುತ್ತೇವೆ. ಒಬ್ಬನೇ ಸಮುದ್ರಕ್ಕೆ ಇಳಿಯಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂತೂ ಬೇಡವೇ ಬೇಡ, ಲೈಫ್‌ಗಾರ್ಡ್ ಸೀಟಿ ಊದಿದರೆ ಜಗಳ ಆಡದೆ ಹೊರಗೆ ಬಾ.

ಠಾಣೆಯಿಂದ:

ನಾನು ಓಡುವವಳಲ್ಲ, ಆದರೂ ಒಂದು ಮಾತು ಹೇಳಬೇಕು. ನನ್ನ ತಮ್ಮನೂ ನಿಮ್ಮ ಹಾಗೇ ಶುರು ಮಾಡಿದ. ದಿನಕ್ಕೆ 5 ಇದ್ದದ್ದು 10 ಆಯಿತು, 15 ಆಯಿತು. ನಿದ್ದೆ ಇಲ್ಲ, ಊಟ ಇಲ್ಲ, ಓಡುವುದು ಮಾತ್ರ. ನಾವೆಲ್ಲ ‘ಎಷ್ಟು ಗಟ್ಟಿ ಹುಡುಗ’ ಅಂತ ಹೊಗಳುತ್ತಿದ್ದೆವು. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟು ಮಲಗಿದಾಗ ಗೊತ್ತಾಯಿತು, ಅವನಿಗೆ ಖಿನ್ನತೆ ಇತ್ತು, ಓಡಿ ಓಡಿ ಅದನ್ನು ಮುಚ್ಚಿಕೊಂಡಿದ್ದ. ಈಗ ಔಷಧಿ ತಗೊಂಡು ಚೆನ್ನಾಗಿದ್ದಾನೆ, ವಾರಕ್ಕೆ ಮೂರು ದಿನ ಓಡುತ್ತಾನೆ.

ಮ್ಯಾನೇಜರ್ ಮಾತು ಎರಡು ದಿನ ತಿರುಗುತ್ತದೆ ಅಂದಿರಲ್ಲ, ಅದು ಎರಡು ವಾರ ಆದರೆ, ನಿದ್ದೆ ಹೋದರೆ, ಬೆಟ್ಟ ಹತ್ತುವುದರ ಜೊತೆ ಡಾಕ್ಟರ್ ಹತ್ತಿರವೂ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೂ ಮಾತಾಡಬಹುದು.

ಕೇಳಿದವರು, ಹಿಂಜವಡಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಠಾಣೆಯ ಅಕ್ಕ, ನಿದ್ದೆ ಸದ್ಯಕ್ಕೆ ಸರಿಯಿದೆ, ನಂಬರ್ ಬರೆದಿಟ್ಟುಕೊಂಡೆ. 42ಕ್ಕೆ ಹೆಸರು ಕೊಟ್ಟಿಲ್ಲ.

ಮೊನ್ನೆ ಶನಿವಾರ ಆತಕರವಾಡಿಗೆ ಹೋಗಿದ್ದೆ. ಆರು ಅಂದಿದ್ದಿರಿ, 6.40 ಆಯಿತು. ಅರ್ಧಕ್ಕಿಂತ ಸ್ವಲ್ಪ ಮೇಲೆ ಒಂದು ನಿಂಬೆ ಶರಬತ್ತಿನ ಅಂಗಡಿ ಇದೆಯಲ್ಲ, ಅಲ್ಲಿವರೆಗೆ ಹೋಗಿ ಕಾಲು ನಡುಗಿ ವಾಪಸ್ ಬಂದೆ. ಮಾಮೂಲಿನಂತೆ ಅರ್ಧಕ್ಕೇ ಬಿಟ್ಟೆ ಅಂತ ಬೈದುಕೊಂಡು ಇಳಿಯುತ್ತಿದ್ದೆ, ಕೆಳಗೆ ಚಹಾ ಕುಡಿಯುವಾಗ ನಿಮ್ಮ ನಿಯಮ ನೆನಪಾಯಿತು. ಮೊಸರಿನ ಅಜ್ಜಿ ಕಾಣಲಿಲ್ಲ ಸರ್, ಈಗಲೂ ಬರುತ್ತಾರಾ?

ಕೋಥ್ರೂಡ್‌ನವರು:

ಈಗ ಮಗಳು ಬರುತ್ತಾಳೆ, ಕೋಟೆಯ ಪುಣೆ ದರ್ವಾಜಾದ ಒಳಗೆ ಎಡಗಡೆ ಕೂರುತ್ತಾಳೆ. ಅಲ್ಲಿವರೆಗೆ ಹೋದರೆ ಸಿಗುತ್ತಾಳೆ. ಮುಂದಿನ ಶನಿವಾರ ಜೊತೆಗೆ ಹೋಗೋಣ, ಆರು ಅಂದರೆ ಆರು. ಟಾರ್ಚ್ ತಾ.