ಬ್ರೌಸರಿನ ತಾತ್ಕಾಲಿಕ ಫೈಲುಗಳಿಂದ ವಿಡಿಯೊ ಉಳಿಸಿಕೊಳ್ಳಲು ಈಗ ಏಕೆ ಆಗುತ್ತಿಲ್ಲ?

ಪ್ರಶ್ನೆ: ಮಾಸ್ತರ, ಗದಗ
ಕಪ್ಪತಗುಡ್ಡದ ಬದಿಯಲ್ಲಿರುವ ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದೇ ಅಪರೂಪವಾದ್ದರಿಂದ, ಹೃದಯದಲ್ಲಿ ರಕ್ತ ಹರಿಯುವ ಬಗೆಯನ್ನು ತೋರಿಸುವ ಆರು ನಿಮಿಷದ ವಿಡಿಯೊವೊಂದನ್ನು ಮನೆಯಿಂದಲೇ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕೆಂದಿದ್ದೇನೆ. 2009ರ ಸುಮಾರಿಗೆ ನೆಟ್ ಸೆಂಟರಿನಲ್ಲಿ ಕುಳಿತು, ವಿಡಿಯೊ ಪೂರ್ತಿ ಓಡಿದ ಮೇಲೆ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಟೆಂಪರರಿ ಫೋಲ್ಡರನ್ನು ತೆರೆದು, ಎಲ್ಲಕ್ಕಿಂತ ದೊಡ್ಡದಾದ ಎಫ್‌ಎಲ್‌ವಿ ವಿಡಿಯೊ ಫೈಲನ್ನು ಕಾಪಿ ಮಾಡಿಕೊಂಡರೆ ಕೆಲಸ ಮುಗಿಯುತ್ತಿತ್ತು. ಈಗ ಫೈರ್‌ಫಾಕ್ಸ್ ಬ್ರೌಸರಿನ ಕ್ಯಾಶ್ (ತಾತ್ಕಾಲಿಕ ಫೈಲುಗಳ) ಫೋಲ್ಡರಿನಲ್ಲಿ ಹೆಸರಿಗೆ ಅರ್ಥವಿಲ್ಲದ ನೂರಾರು ಫೈಲುಗಳಿವೆ. ದೊಡ್ಡದೊಂದಕ್ಕೆ ‘.ಎಂಪಿ4’ ಎಂದು ಸೇರಿಸಿ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದಾಗ ಕೆಲವು ಸೆಕೆಂಡು ಚಿತ್ರ ಬಂತು, ಧ್ವನಿ ಬರಲಿಲ್ಲ. ಉಳಿದವು ತೆರೆಯಲೇ ಇಲ್ಲ.

ಉತ್ತರ 1: ಕಂಪ್ಯೂಟರ್ ರಿಪೇರಿಯವ, ಹುಬ್ಬಳ್ಳಿ
ಗುರುಗಳೇ, ಆಗ ಸರ್ವರ್ ಇಡೀ ರೊಟ್ಟಿಯನ್ನು ಒಮ್ಮೆಲೇ ತಾಟಿಗೆ ಹಾಕುತ್ತಿತ್ತು; ಈಗ ತುತ್ತು ತುತ್ತಾಗಿ ಕೊಡುತ್ತದೆ, ಅದರಲ್ಲೂ ರೊಟ್ಟಿ ಬೇರೆ, ಪಲ್ಯ ಬೇರೆ. ದೊಡ್ಡ ಜಾಲತಾಣಗಳು ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಚಿತ್ರ ಮತ್ತು ಧ್ವನಿಗಳನ್ನು ಬೇರೆ ಬೇರೆಯಾಗಿ ಕಳುಹಿಸುತ್ತವೆ, ಬ್ರೌಸರ್ ಅವನ್ನು ಮೆಮೊರಿಯಲ್ಲಿಯೇ ಹೊಂದಿಸಿ ಆಡಿಸುತ್ತದೆ. ನೆಟ್ ನಿಧಾನವಾದಾಗ ಚಿತ್ರದ ಸ್ಪಷ್ಟತೆ 480ರಿಂದ 240ಕ್ಕೆ ಇಳಿಯುವುದರಿಂದ ತುಣುಕುಗಳ ಗುಣಮಟ್ಟವೂ ಒಂದೇ ಆಗಿರುವುದಿಲ್ಲ. ವಿಡಿಯೊದ ರಚನೆಯನ್ನು ಪ್ಲೇಯರಿಗೆ ತಿಳಿಸುವ ತಲೆಭಾಗ ಆರಂಭದಲ್ಲಿ ಮಾತ್ರ ಇರುವ ಕಾರಣ, ನಡುವಿನ ತುಣುಕುಗಳು ಒಂಟಿಯಾಗಿ ತೆರೆಯುವುದಿಲ್ಲ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ, ಎಂಪಿ4 ಆರಂಭದ ತುಣುಕಿನ ಮೊದಲ ಸಾಲಿನಲ್ಲಿಯೇ ‘ಎಫ್‌ಟಿವೈಪಿ’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಇನ್ನು ಸರ್ವರ್ ‘ನೋ-ಸ್ಟೋರ್’ ಎಂದು ಸೂಚಿಸಿದ್ದರೆ ಹುಡುಕುವುದೇ ವ್ಯರ್ಥ, ಏಕೆಂದರೆ ಅಂಥದ್ದನ್ನು ಕ್ಯಾಶಿನಲ್ಲಿ ಇಡಲು ಬ್ರೌಸರಿಗೆ ಅನುಮತಿಯಿಲ್ಲ.

ಉತ್ತರ 2: ವಿದ್ಯಾರ್ಥಿನಿ, ಧಾರವಾಡ
ಸಣ್ಣ ಜಾಲತಾಣಗಳು ಹಾಗೂ ಕೆಲವು ಕಾಲೇಜುಗಳ ಪುಟಗಳು ಇಂದಿಗೂ ಇಡೀ ಎಂಪಿ4 ಫೈಲನ್ನೇ ಇಟ್ಟಿರುತ್ತವೆ. ಅಲ್ಲಿ ಕ್ಯಾಶ್ ಕೆದಕುವ ಅಗತ್ಯವೇ ಇಲ್ಲ, ಸರ್. ಎಫ್12 ಒತ್ತಿ, ‘ನೆಟ್‌ವರ್ಕ್’ ಎಂಬಲ್ಲಿ ‘ಮೀಡಿಯಾ’ ಆರಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ ವಿಡಿಯೊ ಓಡಿಸಿದರೆ ಫೈಲಿನ ವಿಳಾಸ ಕಾಣಿಸುತ್ತದೆ. ಅದನ್ನು ಹೊಸ ಟ್ಯಾಬಿನಲ್ಲಿ ತೆರೆದು ರೈಟ್ ಕ್ಲಿಕ್ ಮಾಡಿ ಸೇವ್ ಮಾಡಿಕೊಳ್ಳಬಹುದು. ಪಟ್ಟಿಯಲ್ಲಿ ಒಂದೇ ದೊಡ್ಡ ಫೈಲಿನ ಬದಲು ಸಾಲು ಸಾಲಾಗಿ ತುಣುಕುಗಳು ಬರತೊಡಗಿದರೆ ಅಲ್ಲಿಗೇ ಕೈಬಿಡಿ.

ಉತ್ತರ 3: ವಕೀಲ, ಹಾವೇರಿ
ನೋಡುವಾಗ ತಾನಾಗಿಯೇ ಉಂಟಾಗುವ ಕ್ಷಣಿಕ ಪ್ರತಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ, 2012ರ ತಿದ್ದುಪಡಿಯ ನಂತರ, ವಿನಾಯಿತಿ ಇದೆ. ಅದನ್ನು ಹೊರತೆಗೆದು ಕಾಯಂ ಇಟ್ಟುಕೊಂಡರೆ ಅದು ಕ್ಷಣಿಕವಾಗಿ ಉಳಿಯುವುದಿಲ್ಲ. ಪಾಠಕ್ಕಾಗಿ ಬಳಸುವುದಕ್ಕೂ ಅದೇ ಕಲಮಿನಲ್ಲಿ ಅವಕಾಶವಿದೆಯಾದರೂ ಜಾಲತಾಣದ ಷರತ್ತುಗಳು ಬೇರೆಯೇ ಆಗಿರುತ್ತವೆ. ಇಷ್ಟೆಲ್ಲ ಏಕೆ, ದೀಕ್ಷಾ ಆ್ಯಪಿನಲ್ಲಿ ಪಾಠದ ವಿಡಿಯೊಗಳನ್ನು ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆಯೂ ನೋಡಬಹುದಲ್ಲವೇ?

ಮಾಸ್ತರ, ಗದಗ
ಧಾರವಾಡದ ತಂಗಿ ಹೇಳಿದಂತೆ ನೋಡಿದೆ, ತುಣುಕುಗಳೇ ಸಾಲುಗಟ್ಟಿ ಬಂದವು. ವಕೀಲರ ಮಾತಿನಂತೆ ದೀಕ್ಷಾದಲ್ಲಿ ಹುಡುಕಿದಾಗ ಹೃದಯದ ಪಾಠವೊಂದು ಸಿಕ್ಕಿತು, ಅದನ್ನು ಮೊಬೈಲಿಗೆ ಇಳಿಸಿಕೊಂಡು ನೆಟ್ ಬಂದ್ ಮಾಡಿ ನೋಡಿದೆ, ಧ್ವನಿಯೂ ಬರುತ್ತಿದೆ. ಸೋಮವಾರ ಶಾಲೆಯ ಟಿವಿಗೆ ಮೊಬೈಲ್ ಜೋಡಿಸುವ ಕೇಬಲ್ಲೊಂದನ್ನು ಹುಡುಕಬೇಕಾಗಿದೆ.