ಪುಟ್ಟಿ, ಮೊದಲು ಮಗುವಿನ ಉಸಿರು ಎಣಿಸು

ಪುಟ್ಟಿ, ಈಗ ತಾನೇ ಡ್ಯೂಟಿ ಮುಗಿಯಿತು, ಗ್ರೂಪ್ ನೋಡಿದೆ. 8 ತಿಂಗಳ ಕೂಸಿಗೆ ನೆಗಡಿ, ಕೆಮ್ಮು, 101 ಜ್ವರ, ಅಣ್ಣನ ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಸಿರಪ್ ಕೊಡಲಾ ಅಂತ ಕೇಳಿದ್ದೀಯ. ಬೇಡಮ್ಮ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆ ಔಷಧಿ ನಾಟುವುದೇ ಇಲ್ಲ. ನೀರು ಬೆರೆಸಿದ ಬಾಟಲಿ ತುಂಬಾ ದಿನ ಇಟ್ಟರೆ ಕೆಡುತ್ತದೆ ಬೇರೆ.

ಎಲ್ಲರೂ ಜ್ವರ ಎಷ್ಟು, ಜ್ವರ ಎಷ್ಟು ಅಂತಲೇ ಕೇಳುತ್ತಿದ್ದೀರಿ. ಕೆಮ್ಮಿರುವ ಮಗು ವಾರ್ಡಿಗೆ ಬಂದರೆ ನಾವು ಮೊದಲು ನೋಡುವುದು ಉಸಿರು. ನೀನೂ ಈಗಲೇ ನೋಡು. ಅಳದೆ, ಹಾಲು ಕುಡಿಯದೆ ಸುಮ್ನೆ ಮಲಗಿರುವಾಗ ಅಂಗಿ ಎತ್ತು. ಹೊಟ್ಟೆ ಒಮ್ಮೆ ಎದ್ದು ಇಳಿದರೆ ಒಂದು ಉಸಿರು. ಮೊಬೈಲಲ್ಲಿ ಟೈಮರ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸು. ಅರ್ಧ ನಿಮಿಷ ಎಣಿಸಿ ಎರಡರಷ್ಟು ಮಾಡಬೇಡ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಇವನ ವಯಸ್ಸಿಗೆ 50 ಅಥವಾ ಜಾಸ್ತಿ ಬಂದರೆ ನ್ಯುಮೋನಿಯಾ ಇರಬಹುದು, ಇವತ್ತೇ ಡಾಕ್ಟರಿಗೆ ತೋರಿಸು. ವರ್ಷ ದಾಟಿದ ಮಕ್ಕಳಿರುವವರು ಕೇಳಿ, 5 ವರ್ಷದವರೆಗೆ ಆ ಲೆಕ್ಕ 40.

ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ನರಳಿದರೆ, ತುಟಿ ನೀಲಿಯಾದರೆ, ಹಾಲೇ ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬೇಡ. ನಡುರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಹೊರಡು.

ಇದ್ಯಾವುದೂ ಇಲ್ಲ, ಮಗು ಆಡುತ್ತಿದೆ ಅಂದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಮೂಗು ಕಟ್ಟಿದ್ದರೆ ಹಾಲು ಚೀಪಲು ಆಗುವುದಿಲ್ಲ, ಅದಕ್ಕೇ ಹಟ. ಹಾಲು ಕೊಡುವ ಮುಂಚೆ ಮೂಗಿಗೆ ಸಲೈನ್ ಡ್ರಾಪ್ಸ್, ಅಂದರೆ ಮೆಡಿಕಲ್ ಶಾಪಿನ ಉಪ್ಪುನೀರಿನ ಹನಿ, ಹಾಕು. ಸ್ವಲ್ಪ ಸ್ವಲ್ಪವೇ ಪದೇ ಪದೇ ಕುಡಿಸು.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬಾಟಲಿ ಮೇಲಿನ ಅಕ್ಷರ ಓದಿಯೇ ಕೊಡಬೇಕು. ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಅನಾಹುತ. ಮಗುವಿನ ತೂಕ ಹೇಳಿ ಡಾಕ್ಟರ್ ಹತ್ತಿರ ಡೋಸ್ ಕೇಳಿಕೊ.

ದೊಡ್ಡಮ್ಮ, ನಿಮ್ಮ ಕೈಯಲ್ಲಿ ನಾವೆಲ್ಲ ಬೆಳೆದವರು, ಆದರೂ ಕೆಮ್ಮಿಗೆ ನೀವು ಹೇಳಿದ ಜೇನುತುಪ್ಪ ಬೇಡ. ವರ್ಷ ತುಂಬದ ಮಕ್ಕಳಿಗೆ ಅದರಿಂದ ಬಾಟ್ಯುಲಿಸಂ ಅನ್ನುವ, ಕೈಕಾಲು ಸೋತು ಉಸಿರಿಗೂ ತೊಂದರೆಯಾಗುವ ಕಾಯಿಲೆ ಬರುವ ಭಯ ಇದೆ. ಎದೆಗೆ ಕರ್ಪೂರದ ಎಣ್ಣೆಯೂ ಬೇಡ.

ಪುಟ್ಟಿ, ಎಣಿಸಿ ಎಷ್ಟು ಬಂತು ಅಂತ ಇಲ್ಲೇ ಹಾಕು. ಗುಳಿ ಬೀಳುತ್ತಿದೆಯೋ ಇಲ್ಲವೋ ಗೊತ್ತಾಗದಿದ್ದರೆ ವಿಡಿಯೋ ಕಾಲ್ ಮಾಡು, ಎತ್ತುತ್ತೇನೆ.